ಹೊಸ್ತಿಲು ದಾಟದ ಯಂತ್ರ

ಕನ್ನಡದಲ್ಲಿ ರೋಬೋಟ್‌ಗೆ ‘ಯಂತ್ರಮಾನವ’ ಎಂಬ ಹೆಸರು ರೂಢಿಯಾಗಿರುವುದರಿಂದ, ಆ ಮಾತು ಕಿವಿಗೆ ಬಿದ್ದೊಡನೆ ಎರಡು ಕಾಲು, ಎರಡು ಕೈ, ಮಿನುಗುವ ಕಣ್ಣುಗಳುಳ್ಳ ಲೋಹದ ಆಕೃತಿಯೊಂದು ಮನಸ್ಸಿನಲ್ಲಿ ಮೂಡುವುದು ಸಹಜ. ಶಾಸ್ತ್ರದ ದೃಷ್ಟಿಯಲ್ಲಿ ಆಕಾರಕ್ಕೆ ಅಂಥ ಮಹತ್ವವಿಲ್ಲ. ಸುತ್ತಲಿನ ಸ್ಥಿತಿಯನ್ನು ಅರಿಯುವ ಸಂವೇದಕ, ಅರಿತದ್ದನ್ನು ಲೆಕ್ಕ ಹಾಕಿ ಮುಂದೇನೆಂದು ನಿರ್ಧರಿಸುವ ಗಣಕ, ಆ ನಿರ್ಧಾರವನ್ನು ಚಲನೆಯಾಗಿ ಮಾರ್ಪಡಿಸುವ ಮೋಟಾರು, ಈ ಮೂರೂ ಒಂದರ ಹಿಂದೊಂದು ಎಡೆಬಿಡದೆ ಕೆಲಸ ಮಾಡುತ್ತಿದ್ದರೆ ಅದು ರೋಬೋಟ್. ಈ ಪದವನ್ನು ಲೋಕಕ್ಕೆ ಪರಿಚಯಿಸಿದ್ದು ಜೆಕ್ ಲೇಖಕ ಕಾರೆಲ್ ಚಾಪೆಕ್ 1920ರಲ್ಲಿ ಪ್ರಕಟಿಸಿದ ನಾಟಕ. ಜೆಕ್ ಭಾಷೆಯ ‘ರೊಬೊಟಾ’ ಎಂದರೆ ಒಡೆಯನಿಗೆ ಕೂಲಿಯಿಲ್ಲದೆ ಮಾಡಿಕೊಡಬೇಕಾದ ದುಡಿಮೆ. ಅದಕ್ಕೆ ಹೊಂದುವ ಕನ್ನಡ ಪದವನ್ನು ಹುಡುಕಬೇಕಾಗಿಯೇ ಇಲ್ಲ, ಹಳೆಯ ಮೈಸೂರು ಸೀಮೆಯ ರೈತರು ಅದನ್ನು ‘ಬಿಟ್ಟಿ’ ಎಂದು ಕರೆದು ತಲೆಮಾರುಗಳ ಕಾಲ ಅನುಭವಿಸಿದ್ದಾರೆ.

ಶಿವಮೊಗ್ಗದಿಂದ ಸಾಗರದ ದಾರಿಯಲ್ಲಿ ಸುಮಾರು 25 ಕಿಲೋಮೀಟರ್ ದೂರವಿರುವ ಕುಂಸಿಯಂತಹ ಊರಿನಲ್ಲಿ ಮನೆಯ ರೋಬೋಟ್ ಕುರಿತು ಯೋಚಿಸುವುದಕ್ಕೆ ಸಾಕಷ್ಟು ಕಾರಣಗಳಿವೆ. ಓದಿದ ಮಕ್ಕಳು ಬೆಂಗಳೂರಿಗೋ ಅದಕ್ಕೂ ದೂರಕ್ಕೋ ಹೋದ ಮೇಲೆ ತೋಟ, ಗದ್ದೆ, ದೊಡ್ಡ ಮನೆಗಳಲ್ಲಿ ಮುದುಕರಿಬ್ಬರೇ ಉಳಿಯುವುದು ಮಲೆನಾಡಿನ ಉದ್ದಗಲಕ್ಕೂ ಕಾಣುವ ಸ್ಥಿತಿ. ಹೊತ್ತಿಗೆ ಸರಿಯಾಗಿ ಮಾತ್ರೆ ನೆನಪಿಸುವ, ಬಿದ್ದರೆ ಯಾರಿಗಾದರೂ ಸುದ್ದಿ ಮುಟ್ಟಿಸುವ, ದೂರದ ಮಗಳ ಮುಖವನ್ನು ಪರದೆಯ ಮೇಲೆ ಹೊತ್ತು ಕೋಣೆಯಿಂದ ಕೋಣೆಗೆ ಬರುವ ಯಂತ್ರವೊಂದು ಕೈಗೆಟುಕುವ ಬೆಲೆಗೆ ದೊರೆತರೆ ಅದು ಬಯಸತಕ್ಕದ್ದೇ. ಅದು ಎಷ್ಟರ ಮಟ್ಟಿಗೆ ಸಾಧ್ಯ ಎಂಬುದು ಯಾವ ಭಾಗ ಅಗ್ಗವಾಗಿದೆ, ಯಾವುದು ಆಗಿಲ್ಲ ಎಂಬುದನ್ನು ಅವಲಂಬಿಸಿದೆ.

ಅಗ್ಗವಾಗಿರುವುದು ಮಿದುಳು. 1982ರಲ್ಲಿ ಅಮೆರಿಕದ ಹೀತ್‌ಕಿಟ್ ಕಂಪನಿ ‘ಹೀರೋ 1’ ಎಂಬ ಮನೆಯ ರೋಬೋಟನ್ನು ಮಾರುಕಟ್ಟೆಗೆ ತಂದಾಗ, ಬಿಡಿಭಾಗಗಳನ್ನು ಕೊಂಡು ತಾವೇ ಜೋಡಿಸಿಕೊಳ್ಳುವವರಿಗೆ ಅದರ ಬೆಲೆ ಸುಮಾರು 1,500 ಡಾಲರ್, ಜೋಡಿಸಿದ್ದಕ್ಕೆ ಸುಮಾರು 2,500 ಡಾಲರ್ ಇತ್ತು. ಅಷ್ಟು ಹಣಕ್ಕೆ ಸಿಗುತ್ತಿದ್ದ ಸ್ಮೃತಿ 4 ಕಿಲೋಬೈಟ್, ಅಂದರೆ ಇಂದಿನ ಯೂನಿಕೋಡ್ ಪದ್ಧತಿಯಲ್ಲಿ ಒಂದು ಪುಟ ಕನ್ನಡ ಬರಹವನ್ನು ಹಿಡಿಸಲೂ ಸಾಲದಷ್ಟು. ಇಪ್ಪತ್ತು ವರ್ಷಗಳ ನಂತರ, 2002ರಲ್ಲಿ, ಇವೊಲ್ಯೂಷನ್ ರೊಬಾಟಿಕ್ಸ್ ಎಂಬ ಸಂಸ್ಥೆ ಚಕ್ರದ ಚೌಕಟ್ಟೊಂದನ್ನು ಮಾರಿ, ಅದರ ಮೇಲೆ ಗ್ರಾಹಕರು ತಮ್ಮ ಲ್ಯಾಪ್‌ಟಾಪನ್ನೇ ಇಟ್ಟುಕೊಳ್ಳಲಿ ಎಂದಿತು. ಅದೇ ದಶಕದಲ್ಲಿ ಥಾಮಸ್ ಬ್ಯೂರಿಕ್ ಎಂಬ ಅಮೆರಿಕದ ವಿನ್ಯಾಸಕಾರ ಈ ವಿಚಾರವನ್ನು ಮುಂದಕ್ಕೊಯ್ದು, ಅಂಗಡಿಯಲ್ಲಿ ಸಿಗುವ ಮದರ್‌ಬೋರ್ಡ್, ಹಾರ್ಡ್ ಡಿಸ್ಕ್, ವೆಬ್‌ಕ್ಯಾಮ್‌ಗಳಿಂದಲೇ ‘ಪಿಸಿ-ಬಾಟ್’ ಎಂಬ ರೋಬೋಟನ್ನು ರೂಪಿಸಿದ. 17 ಸೆಂಟಿಮೀಟರ್ ಚದರದ ಮಿನಿ-ಐಟಿಎಕ್ಸ್ ಮದರ್‌ಬೋರ್ಡುಗಳು ಆಗಷ್ಟೇ ಬಳಕೆಗೆ ಬಂದಿದ್ದುದು ಇದಕ್ಕೆ ಅನುಕೂಲವಾಯಿತು. ಮೇಜಿನ ಕಂಪ್ಯೂಟರ್ ಕೆಟ್ಟಾಗ ಕೆಟ್ಟ ಭಾಗವನ್ನಷ್ಟೇ ಕಿತ್ತು ಬೇರೆಯದನ್ನು ಕೂರಿಸುವಂತೆ ರೋಬೋಟನ್ನೂ ರಿಪೇರಿ ಮಾಡಬಹುದು ಎಂಬುದು ಇದರ ತಿರುಳು. ಪಿಸಿ-ಬಾಟ್ ಮನೆಮನೆಗೆ ಬರಲಿಲ್ಲವಾದರೂ ಆ ವಿಚಾರ ಉಳಿಯಿತು. 2012ರಲ್ಲಿ 35 ಡಾಲರಿಗೆ ಬಂದ ರಾಸ್ಪ್‌ಬೆರಿ ಪೈ ಎಂಬ, ಅಂಗೈಯಗಲದ ಹಲಗೆಯ ಮೇಲೆ ಇಡೀ ಕಂಪ್ಯೂಟರನ್ನು ಹೊತ್ತ ಸಾಧನದಿಂದ ಮಿದುಳಿನ ಬೆಲೆಯ ಪ್ರಶ್ನೆ ಬಹುಮಟ್ಟಿಗೆ ಬಗೆಹರಿಯಿತು.

ಕಣ್ಣಿನ ವಿಷಯವೂ ಹೆಚ್ಚುಕಡಿಮೆ ಹಾಗೆಯೇ. ಶಾಲೆಯ ಪ್ರಯೋಗಾಲಯಗಳಲ್ಲಿ ಈಗ ಸಾಮಾನ್ಯವಾಗಿರುವ ಶ್ರವಣಾತೀತ ಸಂವೇದಕ, ಎಂದರೆ ಮನುಷ್ಯನ ಕಿವಿಗೆ ಕೇಳಿಸದಷ್ಟು ತೀಕ್ಷ್ಣವಾದ ಶಬ್ದವನ್ನು ಹೊರಡಿಸಿ ಅದರ ಪ್ರತಿಧ್ವನಿಗೆ ಕಾಯುವ ಪುಟ್ಟ ಸಾಧನ, ನೂರಿನ್ನೂರು ರೂಪಾಯಿಯೊಳಗೆ ಸಿಗುತ್ತದೆ. ಗಾಳಿಯಲ್ಲಿ ಶಬ್ದ ಸೆಕೆಂಡಿಗೆ ಸುಮಾರು 343 ಮೀಟರ್ ಸಾಗುವುದರಿಂದ, ಒಂದು ಮೀಟರ್ ದೂರದ ಗೋಡೆಗೆ ಹೋಗಿ ಮರಳಿ ಬರಲು ಅದಕ್ಕೆ ಬೇಕಾಗುವುದು 5.8 ಮಿಲಿಸೆಕೆಂಡ್, ಆ ಸಮಯವನ್ನು ಅಳೆದರೆ ದೂರ ತಾನಾಗಿ ತಿಳಿಯುತ್ತದೆ. ಹಳೆಯ ಕಂಪ್ಯೂಟರ್‌ಗಳಲ್ಲಿಯೂ ಇಂಥ ಸಂಪತ್ತು ಅಡಗಿದೆ. ಗುಂಡು ಉರುಳುವ ಹಳೆಯ ಮೌಸನ್ನು ಬಿಚ್ಚಿದರೆ ಒಳಗೆ ಅಂಚಿನ ಸುತ್ತಲೂ ಸೀಳುಗಳಿರುವ ಎರಡು ಪುಟ್ಟ ಚಕ್ರಗಳು ಕಾಣುತ್ತವೆ. ಚಕ್ರ ತಿರುಗಿದಾಗ ಒಂದು ಬದಿಯ ಬೆಳಕು ಸೀಳುಗಳ ಮೂಲಕ ಹಾಯುತ್ತ, ತಡೆಗೊಳ್ಳುತ್ತ ಹೋಗುತ್ತದೆ, ಇನ್ನೊಂದು ಬದಿಯ ಸಂವೇದಕ ಆ ಮಿಣುಕುಗಳನ್ನು ಎಣಿಸುತ್ತದೆ. ರೋಬೋಟಿನ ಚಕ್ರ ಎಷ್ಟು ಸುತ್ತು ತಿರುಗಿತು, ಅದು ಹೊರಟಲ್ಲಿಂದ ಎಷ್ಟು ದೂರ ಬಂದಿತು ಎಂಬುದನ್ನು ಅಳೆಯುವ ಎನ್‌ಕೋಡರ್ ಎಂಬ ಭಾಗದ ತತ್ತ್ವವೂ ಇದೇ. ಕೆಟ್ಟ ಪ್ರಿಂಟರಿನಲ್ಲಿ ಒಳ್ಳೆಯ ಮೋಟಾರುಗಳು ಸಿಗುತ್ತವೆ, ಯುಪಿಎಸ್‌ನಲ್ಲಿ ಬ್ಯಾಟರಿ ಸಿಗುತ್ತದೆ. ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಗಳಲ್ಲಿ ವಿದ್ಯಾರ್ಥಿಗಳು ಹುಡುಕುವುದೂ ಬಹುಮಟ್ಟಿಗೆ ಇಂಥವನ್ನೇ.

ತಾವೇ ರೋಬೋಟ್ ಕಟ್ಟಿದವರೂ ಇದ್ದಾರೆ; ಕುಂಸಿಗೆ ಸಮೀಪದ ಉದಾಹರಣೆ ಶಿರಸಿಯದು. ಅಲ್ಲಿನ ಚೈತನ್ಯ ಪದವಿಪೂರ್ವ ಕಾಲೇಜಿನ ಭೌತಶಾಸ್ತ್ರ ಉಪನ್ಯಾಸಕ ಅಕ್ಷಯ್ ಮಾಶೇಲ್ಕರ್ ಅವರು ಪ್ರಾಥಮಿಕ ಶಾಲೆಯ ಮಕ್ಕಳಿಗೆ ಪಾಠ ಹೇಳಲೆಂದು ‘ಶಿಕ್ಷಾ’ ಎಂಬ ರೋಬೋಟನ್ನು ರೂಪಿಸಿದ ಸಂಗತಿ 2022ರಲ್ಲಿ ನಾಡಿನ ಗಮನ ಸೆಳೆಯಿತು. ಶಾಲೆಯ ಹುಡುಗಿಯ ರೂಪ ಕೊಟ್ಟಿದ್ದ ಅದಕ್ಕೆ ತಗುಲಿದ ವೆಚ್ಚ ಸುಮಾರು ಎರಡು ಲಕ್ಷ ರೂಪಾಯಿ ಎಂದು ಆಗಿನ ಪತ್ರಿಕೆಗಳು ವರದಿ ಮಾಡಿದವು. 2017ರ ನವೆಂಬರ್ 28ರಂದು ಹೈದರಾಬಾದಿನ ಜಾಗತಿಕ ಉದ್ಯಮಶೀಲತಾ ಶೃಂಗಸಭೆಯ ವೇದಿಕೆಯಲ್ಲಿ ಪ್ರಧಾನಿಯವರನ್ನು ಸ್ವಾಗತಿಸಿದ ‘ಮಿತ್ರ’ ಕೂಡ ಕರ್ನಾಟಕದ್ದೇ, ಬೆಂಗಳೂರಿನ ಇನ್ವೆಂಟೊ ರೊಬಾಟಿಕ್ಸ್ ತಯಾರಿಸಿದ್ದು. ಆದರೆ ಅದು ಬ್ಯಾಂಕು, ಆಸ್ಪತ್ರೆಗಳಂಥ ಸಂಸ್ಥೆಗಳಿಗಾಗಿ ಹುಟ್ಟಿದ ಯಂತ್ರ. ಒಬ್ಬ ಅಧ್ಯಾಪಕ ಮಲೆನಾಡಿನ ಊರೊಂದರಲ್ಲಿ ಕುಳಿತು, ಎದುರಿಗಿರುವ ಮಕ್ಕಳನ್ನು ಮನಸ್ಸಿನಲ್ಲಿಟ್ಟುಕೊಂಡು ಕಟ್ಟಿದ್ದಕ್ಕೆ ಬೇರೆಯೇ ತೂಕವಿದೆ. ಮನೆಯೊಳಗಿನ ಅಗತ್ಯಕ್ಕೆ ಇನ್ನೂ ಹತ್ತಿರವಾದದ್ದು ಗೋವಾದ ಪೊಂಡಾ ತಾಲ್ಲೂಕಿನ ಬೇತೋಡಾ ಗ್ರಾಮದ ದಿನಗೂಲಿ ಕಾರ್ಮಿಕ ಬಿಪಿನ್ ಕದಂ ಅವರ ಪ್ರಯತ್ನ. ತಂತ್ರಜ್ಞಾನದ ಶಿಕ್ಷಣವಿಲ್ಲದ ಅವರು ದುಡಿಮೆಯ ನಡುವೆಯೇ ಬೇಕಾದ್ದನ್ನು ಕಲಿತು, ಅಂಗವಿಕಲೆಯಾದ ಮಗಳಿಗೆ ಉಣಿಸಲು ‘ಮಾ ರೋಬೋಟ್’ ಎಂಬ ಯಂತ್ರವನ್ನು ರಚಿಸಿದರು. ತಟ್ಟೆಯಲ್ಲಿರುವ ಯಾವ ಪದಾರ್ಥ ಬೇಕೆಂದು ಹುಡುಗಿ ಬಾಯಿಮಾತಿನಲ್ಲಿ ಹೇಳಿದರೆ ಅದು ತುತ್ತನ್ನು ಅವಳ ಬಾಯಿಯ ಬಳಿಗೆ ತರುತ್ತದೆ. ಗೋವಾ ರಾಜ್ಯ ನಾವೀನ್ಯ ಮಂಡಳಿ ಅವರ ಬೆಂಬಲಕ್ಕೆ ನಿಂತಿತು. ಈ ಯಂತ್ರ ನಡೆಯುವುದಿಲ್ಲ, ಕಸ ಗುಡಿಸುವುದಿಲ್ಲ; ಒಂದೇ ಜಾಗದಲ್ಲಿದ್ದು ಒಂದೇ ಕೆಲಸ ಮಾಡುತ್ತದೆ. ಬಡವರ ಮನೆಗೆ ನಿಜವಾಗಿ ನೆರವಾಗುವ ರೋಬೋಟ್ ಹೇಗಿರಬೇಕೆಂಬುದಕ್ಕೆ ಇದಕ್ಕಿಂತ ಒಳ್ಳೆಯ ಮಾದರಿ ಸಿಗುವುದು ಕಷ್ಟ.

ಹೀಗೆ ಒಂದೇ ಕೆಲಸಕ್ಕೆ ಮಿತಿಗೊಳಿಸಬೇಕಾಗುವುದೇಕೆಂಬುದು ಕೈಯ ಲೆಕ್ಕ ಹಾಕಿದಾಗ ತಿಳಿಯುತ್ತದೆ. ಒಂದು ಲೀಟರ್ ನೀರಿರುವ ಚೊಂಬನ್ನು ಅರ್ಧ ಮೀಟರ್ ಉದ್ದಕ್ಕೆ ಚಾಚಿದ ಕೈಯಲ್ಲಿ ಹಿಡಿಯಬೇಕಾದರೆ ಭುಜದ ಕೀಲಿನ ಮೇಲೆ ಬೀಳುವ ತಿರುಚುಬಲ, ಚೊಂಬಿನ ಮತ್ತು ಕೈಯ ಸ್ವಂತ ತೂಕವನ್ನು ಬಿಟ್ಟರೂ, 50 ಕಿಲೋಗ್ರಾಂ-ಸೆಂಟಿಮೀಟರ್. ತಿರುಚುಬಲ ಎಂದರೆ ತೂಕವನ್ನು ಕೀಲಿನಿಂದ ಅದಕ್ಕಿರುವ ದೂರದಿಂದ ಗುಣಿಸಿದಾಗ ಬರುವ ಗುಣಲಬ್ಧ. ಬಾವಿಯಿಂದ ತಂದ ಕೊಡವನ್ನು ಸೊಂಟಕ್ಕೆ ಒತ್ತಿ ಹಿಡಿದರೆ ಹಗುರ, ಕೈ ಚಾಚಿ ಹಿಡಿದರೆ ಅಸಾಧ್ಯ ಎನ್ನಿಸುವುದು ಇದರಿಂದಲೇ. ವಿದ್ಯಾರ್ಥಿಗಳು ಸಾಮಾನ್ಯವಾಗಿ ಬಳಸುವ ಲೋಹದ ಗಿಯರಿನ ಸಣ್ಣ ಸರ್ವೋ ಮೋಟಾರು, ಹೇಳಿದ ಕೋನಕ್ಕೆ ತಿರುಗಿ ಅಲ್ಲೇ ನಿಲ್ಲಬಲ್ಲ ಮೋಟಾರು, ಕೊಡುವುದು ಸುಮಾರು 10 ಕಿಲೋಗ್ರಾಂ-ಸೆಂಟಿಮೀಟರ್ ಮಾತ್ರ. ಅದರ ಐದಾರು ಪಟ್ಟು ಬಲವನ್ನು ನಡುಗದೆ, ಸದ್ದಿಲ್ಲದೆ, ಎದುರಿಗಿದ್ದವರಿಗೆ ಪೆಟ್ಟಾಗದಂತೆ ಕೊಡಬಲ್ಲ ಕೀಲು ಬೇಕೆಂದರೆ ಬೆಲೆ ಒಮ್ಮೆಲೇ ಮೇಲೇರುತ್ತದೆ, ಅಂಥ ಕೀಲುಗಳು ಒಂದು ಕೈಗೆ ಐದಾರು ಬೇಕು. ಗಣಕದ ಚಿಪ್ ವರ್ಷದಿಂದ ವರ್ಷಕ್ಕೆ ಚಿಕ್ಕದಾಗಿ ಅಗ್ಗವಾದಂತೆ ತಾಮ್ರ, ಉಕ್ಕು, ಅಯಸ್ಕಾಂತಗಳು ಅಗ್ಗವಾಗಲಾರವು.

ಬಲದ ಜೊತೆಗೆ ಹದವೂ ಬೇಕು. ಮನುಷ್ಯನಿಗೆ ಕಷ್ಟವೆನಿಸುವ ಲೆಕ್ಕ, ಚದುರಂಗಗಳು ಯಂತ್ರಕ್ಕೆ ಸುಲಭ, ಒಂದು ವರ್ಷದ ಮಗುವಿಗೂ ಸಲೀಸಾದ ಹಿಡಿಯುವುದು, ನಡೆಯುವುದು ಯಂತ್ರಕ್ಕೆ ಕಠಿಣ ಎಂಬುದನ್ನು ವಿಜ್ಞಾನಿ ಹಾನ್ಸ್ ಮೊರಾವೆಕ್ 1980ರ ದಶಕದಲ್ಲೇ ಗುರುತಿಸಿದ್ದರು. ಅಡಿಕೆ ಸುಲಿಯುವ ಕೆಲಸದಲ್ಲಿ ಇದು ಕಣ್ಣಿಗೆ ಕಟ್ಟುತ್ತದೆ. ಮೆಟ್ಟುಗತ್ತಿಯ ಮುಂದೆ ಕುಳಿತ ಹೆಂಗಸು ಕಾಯಿಯನ್ನು ಅಲಗಿಗೆ ಒತ್ತಿ, ಸಿಪ್ಪೆ ಬಿಟ್ಟುಕೊಳ್ಳುವ ಕ್ಷಣವನ್ನು ಬೆರಳಿನ ತುದಿಯಲ್ಲೇ ಅರಿತು, ಒಳಗಿನ ಅಡಿಕೆಗೆ ಗಾಯವಾಗದಂತೆ ಬಿಡಿಸುತ್ತಾಳೆ. ಅವಳ ದೃಷ್ಟಿ ಆ ಹೊತ್ತಿಗೆ ಮಾತನಾಡುತ್ತಿರುವವರ ಮುಖದ ಮೇಲಿರಬಹುದು. ಈಗ ಬಂದಿರುವ ಸುಲಿಯುವ ಯಂತ್ರಗಳು ಆ ಕೈಯನ್ನು ಅನುಕರಿಸದೆ, ಬೇರೆಯೇ ಬಗೆಯಲ್ಲಿ ಕೆಲಸವನ್ನು ಮುಗಿಸುತ್ತವೆ. ಮನೆಗೆಲಸಕ್ಕೂ ಈ ಜಾಣ್ಮೆಯೇ ಸರಿ: ಬಟ್ಟೆ ಒಗೆಯುವ ಯಂತ್ರಕ್ಕೆ ಕೈಗಳಿಲ್ಲ.

ನೆಲದ ಮೇಲೆ ಓಡಾಡುವ ರೋಬೋಟ್‌ಗೆ ಮಲೆನಾಡಿನ ಮನೆ ಒಡ್ಡುವ ಮೊದಲ ತಡೆ ಹೊಸ್ತಿಲು. 2002ರಲ್ಲಿ ಬಂದ ರೂಂಬಾ ಮತ್ತು ಅದರ ನಂತರದ ಕಸ ಗುಡಿಸುವ ರೋಬೋಟುಗಳು ಸಪಾಟು ನೆಲದ ಮನೆಗಳಿಗಾಗಿ ರೂಪುಗೊಂಡವು. ಅವುಗಳಲ್ಲಿ ಹೆಚ್ಚಿನವು ದಾಟಬಲ್ಲದ್ದು ಸುಮಾರು ಎರಡು ಸೆಂಟಿಮೀಟರಿನ ಏರುಪೇರನ್ನು. ಹಳೆಯ ಮನೆಗಳ ಮರದ ಹೊಸ್ತಿಲು ನಾಲ್ಕೈದು ಅಂಗುಲ ಎತ್ತರವಿರುವುದು ಅಪರೂಪವಲ್ಲ. ತನ್ನ ತ್ರಿಜ್ಯಕ್ಕಿಂತ ಎತ್ತರದ ಅಡ್ಡಿಯನ್ನು ಯಾವ ಚಕ್ರವೂ ತಾನಾಗಿ ಏರಲಾರದು, ಆದ್ದರಿಂದ ಐದು ಅಂಗುಲದ ಹೊಸ್ತಿಲಿಗೆ ಹತ್ತು ಅಂಗುಲಕ್ಕೂ ಮೀರಿದ ವ್ಯಾಸದ ಚಕ್ರ ಬೇಕು, ಅಷ್ಟಾದ ಮೇಲೆ ಯಂತ್ರವೇ ಕೈಗಾಡಿಯ ಗಾತ್ರಕ್ಕೆ ಬರುತ್ತದೆ. ದಿನವೂ ಅರಿಸಿನ ಕುಂಕುಮ ಹಚ್ಚಿ, ರಂಗೋಲಿ ಎಳೆದು ಪೂಜಿಸುವ ಹೊಸ್ತಿಲನ್ನು ಒಂದು ಯಂತ್ರಕ್ಕಾಗಿ ಕೊಯ್ದು ಹಾಕಲು ಯಾವ ಮನೆಯವರೂ ಒಪ್ಪುವುದಿಲ್ಲ, ಒಪ್ಪಬೇಕಾಗಿಯೂ ಇಲ್ಲ. ಮುದುಕರು ಹೆಚ್ಚು ಹೊತ್ತು ಕಳೆಯುವ ನಡುಮನೆಯಲ್ಲೇ ಇರುವ ಯಂತ್ರವನ್ನು ಯೋಚಿಸುವುದು ವಿವೇಕದ ದಾರಿ.

ನಡುಮನೆಯಲ್ಲೇ ಇದ್ದರೂ ಮಳೆಗಾಲದ ಥಂಡಿಗೆ ವಿದ್ಯುನ್ಮಂಡಲಗಳ ಬೆಸುಗೆಗಳು ಕಿಲುಬು ಹಿಡಿಯುತ್ತವೆ, ಇರುವೆಗಳು ಬೆಚ್ಚಗಿನ ಪೆಟ್ಟಿಗೆಯೊಳಗೆ ಗೂಡು ಮಾಡುತ್ತವೆ, ಸಿಡಿಲು ಬಡಿದಾಗ ತಂತಿಯಲ್ಲಿ ನುಗ್ಗುವ ವಿದ್ಯುತ್ತು ಚಾರ್ಜರನ್ನು ಸುಡುತ್ತದೆ. ಕರೆಂಟು ಹೋದಾಗ ಆಸರೆಯಾಗುವ ಯುಪಿಎಸ್‌ನ 12 ವೋಲ್ಟ್, 7 ಆಂಪಿಯರ್-ಗಂಟೆಯ ಸೀಸದ ಬ್ಯಾಟರಿಯಲ್ಲಿರುವ ಶಕ್ತಿ 84 ವಾಟ್-ಗಂಟೆ. 20 ವಾಟ್ ಬಳಸುವ ರೋಬೋಟ್ ಲೆಕ್ಕದಲ್ಲಿ ನಾಲ್ಕು ಗಂಟೆ ನಡೆಯಬೇಕು, ಆದರೆ ಸೀಸದ ಬ್ಯಾಟರಿಯನ್ನು ಅರ್ಧಕ್ಕಿಂತ ಹೆಚ್ಚು ಬರಿದು ಮಾಡುತ್ತಿದ್ದರೆ ಅದರ ಆಯಸ್ಸು ಕುಗ್ಗುವುದರಿಂದ ಎರಡು ಗಂಟೆ ಎಂದೇ ಹಿಡಿಯಬೇಕು. ಹೀಗೆ ಪದೇ ಪದೇ ಕೆಡುವುದು ಖಚಿತವಾದ್ದರಿಂದ, ಇಂಥ ಊರಿನಲ್ಲಿ ಬೆಲೆಗಿಂತಲೂ ದೊಡ್ಡ ಪ್ರಶ್ನೆ ರಿಪೇರಿ ಯಾರು ಮಾಡುತ್ತಾರೆ ಎಂಬುದು. ಸಾಮಾನ್ಯ ಕಂಪ್ಯೂಟರ್ ಭಾಗಗಳ ನಿಜವಾದ ಪ್ರಯೋಜನ ಇರುವುದು ಇಲ್ಲಿ: ಶಿವಮೊಗ್ಗದ ಯಾವ ಕಂಪ್ಯೂಟರ್ ಅಂಗಡಿಯವರಿಗಾದರೂ ಅವುಗಳ ಪರಿಚಯವಿದೆ. ಚಕ್ರ, ಚೌಕಟ್ಟು, ಬೇರಿಂಗುಗಳ ವಿಷಯದಲ್ಲಿ ಜಿಲ್ಲೆಗೆ ಇನ್ನೂ ದೊಡ್ಡ ಬಲವಿದೆ. 1923ರಲ್ಲಿ ಉತ್ಪಾದನೆ ಆರಂಭಿಸಿದ ಭದ್ರಾವತಿಯ ಕಬ್ಬಿಣದ ಕಾರ್ಖಾನೆ ಮೂರು ನಾಲ್ಕು ತಲೆಮಾರಿನ ಟರ್ನರು, ಫಿಟ್ಟರುಗಳನ್ನು ಬೆಳೆಸಿತು. ಮಾಚೇನಹಳ್ಳಿಯ ಫೌಂಡ್ರಿಗಳಲ್ಲಿ, ಲೇತ್ ಶಾಪುಗಳಲ್ಲಿ ಆ ಕೈಚಳಕ ಇಂದಿಗೂ ಉಳಿದಿದೆ.

ಹೊಸ ತಲೆಮಾರಿಗೂ ಕಲಿಯುವ ದಾರಿಗಳಿವೆ. 2016ರಲ್ಲಿ ಆರಂಭವಾದ ಅಟಲ್ ಟಿಂಕರಿಂಗ್ ಪ್ರಯೋಗಾಲಯಗಳ ಯೋಜನೆಯಲ್ಲಿ ಆಯ್ಕೆಯಾದ ಶಾಲೆಗೆ 20 ಲಕ್ಷ ರೂಪಾಯಿವರೆಗೆ ಅನುದಾನ ಸಿಗುತ್ತದೆ; ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿ ಎಂಜಿನಿಯರಿಂಗ್ ವಿದ್ಯಾರ್ಥಿಗಳ ಯೋಜನೆಗಳಿಗೆ ದಶಕಗಳಿಂದ ಧನಸಹಾಯ ನೀಡುತ್ತಿದೆ. ಇವುಗಳಿಂದ ಮಕ್ಕಳ ಕೈ ಪಳಗುತ್ತಿರುವುದು ಸಂತೋಷದ ವಿಷಯ. ಕೊರತೆಯೆಂದರೆ, ಪರೀಕ್ಷೆಯ ದಿನ ಮೇಜಿನ ಮೇಲೆ ಚೆನ್ನಾಗಿ ಓಡಿದ ರೋಬೋಟ್ ಮರುದಿನ ಬಿಚ್ಚಿಹೋಗುತ್ತದೆ, ಒಂದು ಮಳೆಗಾಲವಾದರೂ ಒಬ್ಬ ಅಜ್ಜಿಯ ಮನೆಯಲ್ಲಿ ಇದ್ದು ನೋಡುವ ಅವಕಾಶ ಅದಕ್ಕೆ ದೊರೆಯುವುದಿಲ್ಲ.

ಅಜ್ಜಿಯ ಮನೆಯಲ್ಲಿ ಇರಬೇಕಾದರೆ ಯಂತ್ರಕ್ಕೆ ಅಜ್ಜಿಯ ಕನ್ನಡ ತಿಳಿಯಬೇಕು. ಯಂತ್ರಗಳು ಮಾತನ್ನು ಗ್ರಹಿಸಲು ಕಲಿಯುವುದು ಸಾವಿರಾರು ಗಂಟೆಗಳ ಧ್ವನಿಮುದ್ರಣ ಮತ್ತು ಅದರ ಲಿಖಿತ ರೂಪಗಳಿಂದ. ಆ ಸಂಗ್ರಹದಲ್ಲಿ ವಾರ್ತೆ ಓದುವವರ ಕನ್ನಡವೇ ತುಂಬಿದ್ದರೆ, ‘ಗುಳಿಗೆ ತಗಂಡೆ ಮಾರಾಯ’ ಎಂದು ಹಲ್ಲಿಲ್ಲದ ಬಾಯಿಂದ ಬಂದ ಉತ್ತರ ಯಂತ್ರಕ್ಕೆ ಅರ್ಥವಾಗದೆ, ಮಾತ್ರೆ ನುಂಗಿದವರಿಗೆ ಅದು ಮತ್ತೊಮ್ಮೆ ನುಂಗಲು ಹೇಳಬಹುದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ‘ರೆಸ್ಪಿನ್’ ಯೋಜನೆ ಕನ್ನಡವೂ ಸೇರಿದಂತೆ ಒಂಬತ್ತು ಭಾರತೀಯ ಭಾಷೆಗಳ ಉಪಭಾಷೆಗಳನ್ನು, ಕೃಷಿ ಮತ್ತು ಹಣಕಾಸಿನ ಮಾತುಕತೆಗೆ ನೆರವಾಗಲೆಂದು, ಮುದ್ರಿಸಿಕೊಳ್ಳಲು ಮುಂದಾದದ್ದು ಈ ದಿಕ್ಕಿನ ಕೆಲಸ. ಔಷಧಿ, ನೋವು, ನಿದ್ದೆ, ಬಿದ್ದದ್ದು, ಬಾಯಾರಿದ್ದು, ಇವುಗಳ ಮಾತುಗಳನ್ನು ಎಂಬತ್ತು ದಾಟಿದವರ ದನಿಯಲ್ಲಿಯೇ ಸಂಗ್ರಹಿಸುವ ಕೆಲಸಕ್ಕೆ ಒಂದು ಮೊಬೈಲು ಫೋನು, ಕೇಳಿಸಿಕೊಳ್ಳುವ ತಾಳ್ಮೆಯುಳ್ಳ ಒಬ್ಬ ವಿದ್ಯಾರ್ಥಿ ಮತ್ತು ಆ ಹಿರಿಯರ ಒಪ್ಪಿಗೆ ಇದ್ದರೆ ಸಾಕು. ಅದನ್ನು ಕುಂಸಿಯ ಜಗಲಿಗಳಿಂದಲೂ ಆರಂಭಿಸಬಹುದು.