ಬ್ರಿಟನ್: ಅಂಗವಿಕಲರ ಆತಂಕ ಇನ್ನೂ ನೀಗಿಲ್ಲ

ಅಂಗವೈಕಲ್ಯದಿಂದ ಬೀಳುವ ಹೆಚ್ಚುವರಿ ಖರ್ಚಿಗಾಗಿ ಬ್ರಿಟನ್‌ನಲ್ಲಿ 2013ರಿಂದ ‘ಪಿಐಪಿ’ ಭತ್ಯೆ ಜಾರಿಯಲ್ಲಿದೆ. ಇದು ನಿರುದ್ಯೋಗ ಭತ್ಯೆಯಲ್ಲ, ನೌಕರಿಯಲ್ಲಿರುವವರಿಗೂ ಸಿಗುತ್ತದೆ.

ದಿನನಿತ್ಯದ ಕೆಲಸಗಳಲ್ಲಿನ ತೊಂದರೆಗೆ ಅಂಕ ನೀಡಿ, ಒಟ್ಟು 8 ಅಂಕ ಬಂದವರಿಗೆ ನೆರವು ನೀಡುವುದು ಕ್ರಮ. ಯಾವುದಾದರೂ ಒಂದೇ ಕೆಲಸದಲ್ಲಿ 4 ಅಂಕ ಇರಲೇಬೇಕೆಂದು 2025ರ ಮಾರ್ಚ್‌ನಲ್ಲಿ ಸರಕಾರ ಪ್ರಸ್ತಾಪಿಸಿತು. ಸೊಂಟದ ಕೆಳಗೆ ಮೈತೊಳೆಯಲು, ಉಡುಪು ತೊಡಲು ಇನ್ನೊಬ್ಬರ ಕೈ ಬೇಕಾದವರಿಗೆ ತಲಾ 2 ಅಂಕ; ಅಡುಗೆಗೆ, ಶೌಚಕ್ಕೆ ಸಾಧನ ಬೇಕಾದರೂ ತಲಾ 2. ಹೀಗೆ ನಾಲ್ಕೂ ಕಡೆ ಕಷ್ಟಪಡುವವರ ನೆರವೇ ಕೈತಪ್ಪುವಂತಿತ್ತು.

ಕಡಿತಗಳಿಂದ ಎರಡೂವರೆ ಲಕ್ಷ ಮಂದಿ ಬಡತನಕ್ಕೆ ಜಾರುವರೆಂದು ಸರಕಾರದ ಅಂದಾಜೇ ತಿಳಿಸಿತ್ತು. ಅಂಗವಿಕಲರು ಬೀದಿಗಿಳಿದರು; ಆಡಳಿತ ಪಕ್ಷದ ಅನೇಕ ಸಂಸದರೂ ದನಿಗೂಡಿಸಿದರು. 2025ರ ಜುಲೈ 1ರಂದು ಸರಕಾರ ಆ ನಿಯಮವನ್ನು ಮಸೂದೆಯಿಂದ ಕೈಬಿಟ್ಟು, ಸಚಿವ ಸ್ಟೀಫನ್ ಟಿಮ್ಸ್ ನೇತೃತ್ವದ ಪರಿಶೀಲನೆಯ ತನಕ ಮುಂದೂಡಿತು.

ಆದರೆ ಅನಾರೋಗ್ಯದಿಂದ ದುಡಿಯಲಾಗದವರ ಇನ್ನೊಂದು ನೆರವಿನ ಕಡಿತ ಉಳಿದುಕೊಂಡಿತು. 2026ರ ಏಪ್ರಿಲ್‌ನಿಂದ ಹೊಸದಾಗಿ ಅರ್ಜಿ ಹಾಕುವವರಲ್ಲಿ, ತೀವ್ರ ಕಾಯಿಲೆಯವರನ್ನು ಬಿಟ್ಟರೆ, ಉಳಿದವರಿಗೆ ಹಿಂದಿನದರ ಅರ್ಧದಷ್ಟೇ ಮೊತ್ತ ನಿಗದಿಯಾಯಿತು. ಕಾಯಿಲೆ ಒಂದೇ ಆದರೂ ಅರ್ಜಿಯ ತಾರೀಖು ನೋಡಿ ನೆರವು ಅಳೆಯುವುದು ನ್ಯಾಯವೇ ಎಂಬುದು ಅವರ ಪ್ರಶ್ನೆ.