ಮೇಲೆ ಥಳಕು, ಒಳಗೆ ತುಕ್ಕು

ಒಂದು ಹಳೇ ವ್ಯಾನ್. ಎಸಿ ಇಲ್ಲ, ಪವರ್ ಸ್ಟೀರಿಂಗ್ ಇಲ್ಲ, ಘಾಟಿ ಹತ್ತೋವಾಗ ಲಾರಿಗಳೇ ಹಿಂದೆ ಹಾಕ್ತವೆ. ಆದರೂ ಅಮೆರಿಕದ ಹರಾಜಿನಲ್ಲಿ ಇಂಥ ವ್ಯಾನಿಗೆ 2 ಲಕ್ಷ ಡಾಲರ್ ದಾಟಿದ ಬೆಲೆ ಬಂದಿದೆ ಅಂದ್ರೆ ನಂಬ್ತೀರಾ? ಅದು ಫೋಕ್ಸ್‌ವ್ಯಾಗನ್ ಟೈಪ್ 2, ಅದರಲ್ಲೂ 23 ಕಿಟಕಿಗಳ 'ಸಾಂಬಾ'.

ಇದು ಹುಟ್ಟಿದ್ದು ನೋಟ್‌ಬುಕ್ಕಿನ ಒಂದು ಹಾಳೆಯಲ್ಲಿ. 1947ರಲ್ಲಿ ಬೆನ್ ಪಾನ್ ಎಂಬ ಡಚ್ ಕಾರು ವ್ಯಾಪಾರಿ ಒಂದು ಚಿತ್ರ ಗೀಚಿದ. ಮುಂದೆ ಚಾಲಕ, ಹಿಂದೆ ಎಂಜಿನ್, ನಡುವೆ ಸಾಮಾನು. 1950ರಲ್ಲಿ ಜರ್ಮನಿಯಲ್ಲಿ ಉತ್ಪಾದನೆ ಶುರುವಾಯ್ತು. ಮರುವರ್ಷವೇ ವೆಸ್ಟ್‌ಫಾಲಿಯಾ ಕಂಪನಿ ಆ ನಡುವಿನ ಜಾಗಕ್ಕೆ ಹಾಸಿಗೆ, ಕಪಾಟು ಜೋಡಿಸಿ ಅದನ್ನು ಓಡಾಡುವ ಮನೆ ಮಾಡಿತು. ಬ್ರೆಜಿಲ್‌ನಲ್ಲಿ ಈ ವ್ಯಾನ್ 2013ರವರೆಗೂ ತಯಾರಾಗ್ತಿತ್ತು. ಏರ್‌ಬ್ಯಾಗ್, ಎಬಿಎಸ್ ಕಡ್ಡಾಯವಾದಾಗ ನಿಂತಿತು.

ಸರಿ, ಇವತ್ತು 'ಪೂರ್ತಿ ರಿಸ್ಟೋರ್ ಮಾಡಿದ ಕ್ಯಾಂಪರ್ ವ್ಯಾನ್' ಅಂತ ಜಾಹೀರಾತು ಬರುತ್ತೆ. ಈ 'ರಿಸ್ಟೋರ್' ಅನ್ನೋ ಪದಕ್ಕೆ ಅರ್ಥ ಏನು? ಅಸಲಿ ಪ್ರಶ್ನೆ ಇದು.

ಮೊದಲು ಬಾಡಿ ನೋಡಿ. ಲಾರಿಗೆ ಚಾಸಿಸ್ ಬೇರೆ, ಬಾಡಿ ಬೇರೆ. ಇಲ್ಲಿ ಹಾಗಲ್ಲ, ಎರಡೂ ಬೆಸೆದುಕೊಂಡು ಒಟ್ಟಿಗೆ ಭಾರ ಹೊರುತ್ತವೆ. ಬಾಗಿಲ ಕೆಳಗಿನ ಪಟ್ಟಿ ತುಕ್ಕು ಹಿಡಿದರೆ ಅಂದ ಕೆಟ್ಟಿತು ಅಂತಷ್ಟೇ ಅಲ್ಲ, ಬೆನ್ನೆಲುಬೇ ಸವೆದಂತೆ. ತುಕ್ಕು ಕತ್ತರಿಸಿ ಹೊಸ ತಗಡು ಬೆಸುಗೆ ಹಾಕೋದು ತಿಂಗಳುಗಟ್ಟಲೆ ಕೆಲಸ. ಪುಟ್ಟಿ ಮೆತ್ತಿ ಬಣ್ಣ ಹೊಡೆಯೋದು ಎರಡು ದಿನದ ಕೆಲಸ. ಫೋಟೋದಲ್ಲಿ ಎರಡೂ ಒಂದೇ ಥರ ಕಾಣ್ತವೆ! ಒಂದು ಸಣ್ಣ ಅಯಸ್ಕಾಂತ ಹಿಡಿದು ನೋಡಿ. ತಗಡಿಗೆ ಅಂಟುತ್ತೆ, ದಪ್ಪ ಪುಟ್ಟಿಗೆ ಅಂಟಲ್ಲ.

ಎರಡನೇದು ಬೆಂಕಿ. ಹಿಂಬದಿಯ ಎಂಜಿನ್ ಗಾಳಿಯಿಂದ ತಣಿಯುವಂಥದ್ದು. ಪೆಟ್ರೋಲ್ ಟ್ಯಾಂಕ್ ಪಕ್ಕದಲ್ಲೇ. ಹಳೇ ರಬ್ಬರ್ ಪೈಪ್ ಬಿರುಕು ಬಿಟ್ಟರೆ ಪೆಟ್ರೋಲ್ ಸುಡುವ ಎಂಜಿನ್ ಮೇಲೆ ತೊಟ್ಟಿಕ್ಕುತ್ತೆ. ಎಂಜಿನ್ನಿನ ಹೊರಕವಚ ಮೆಗ್ನೀಷಿಯಂ ಮಿಶ್ರಲೋಹದ್ದು. ಅದು ಹೊತ್ತಿಕೊಂಡರೆ ನೀರು ಸುರಿದಷ್ಟೂ ಉರಿ ಜಾಸ್ತಿ. ಮಕ್ಕಳು ಹಿಂದೆ ಮಲಗಿರೋದು ಅದರ ಮೇಲೆಯೇ ಅನ್ನೋದು ನೆನಪಿರಲಿ. ಹತ್ತಾರು ಲಕ್ಷದ ವ್ಯಾನ್ ಉಳಿಯೋದು ಕೆಲವೇ ನೂರು ರೂಪಾಯಿಯ ಪೈಪಿನಿಂದ.

ಮೂರನೇದು ಗುರುತು. ಮಾಮೂಲಿ ಸರಕಿನ ವ್ಯಾನಿಗೆ ಕಿಟಕಿ ಕೊರೆದು ಸಾಂಬಾ ಮಾಡೋ ಚಾಳಿ ಇದೆ. ಮುಂದಿನ ಸೀಟಿನ ಹಿಂದಿರುವ ಪುಟ್ಟ ಲೋಹದ ಪಟ್ಟಿ ಸುಳ್ಳನ್ನು ಬಯಲು ಮಾಡುತ್ತೆ. ಕಾರ್ಖಾನೆಯಿಂದ ಯಾವ ರೂಪದಲ್ಲಿ ಹೊರಟಿತು ಅನ್ನೋದು ಅದರ ಸಂಕೇತಗಳಲ್ಲಿದೆ. ವೋಲ್ಫ್ಸ್‌ಬರ್ಗ್‌ನ ಫೋಕ್ಸ್‌ವ್ಯಾಗನ್ ಮ್ಯೂಸಿಯಂ ವ್ಯಾನಿನ ಜನ್ಮಪತ್ರವನ್ನೂ ಕೊಡುತ್ತೆ.

ಇನ್ನು ನಮ್ಮಲ್ಲಿ? ಕೇಂದ್ರದ 2021ರ ನಿಯಮದಂತೆ 50 ವರ್ಷ ದಾಟಿದ, ಮೂಲರೂಪದಲ್ಲೇ ಇರುವ ವಾಹನಕ್ಕೆ 'ವಿಂಟೇಜ್' ನೋಂದಣಿ ಸಿಗುತ್ತೆ. ಬಾಡಿ, ಎಂಜಿನ್ ಬದಲಾಯಿಸಿದ್ದರೆ ಇಲ್ಲ. ಸಿಕ್ಕರೂ ಪ್ರದರ್ಶನ, ರ‍್ಯಾಲಿ, ತಾಂತ್ರಿಕ ಸಂಶೋಧನೆ, ಪೆಟ್ರೋಲ್, ರಿಪೇರಿಗಷ್ಟೇ ರಸ್ತೆಗಿಳಿಸಬಹುದು. ಆ ಪಟ್ಟಿಯಲ್ಲಿ ಕ್ಯಾಂಪಿಂಗ್ ಇಲ್ಲ.

ಹಾಗಾಗಿ ಮೊದಲು ತೀರ್ಮಾನ ಮಾಡಿ: ಸಂಗ್ರಹಕ್ಕೋ, ಸಂಚಾರಕ್ಕೋ? ಸಂಗ್ರಹಕಾರನಿಗೆ ಅಸಲಿತನವೇ ಆಸ್ತಿ. ಸಂಸಾರ ಕರ್ಕೊಂಡು ಹೋಗುವವನಿಗೆ ಬ್ರೇಕು, ಸೀಟ್ ಬೆಲ್ಟು ಮುಖ್ಯ. ಇಬ್ಬರೂ ಮಾರುವವನ ಹತ್ತಿರ ಒಂದನ್ನಂತೂ ಕೇಳಲೇಬೇಕು: "ಬಣ್ಣ ಹೊಡೆಯೋಕೆ ಮುಂಚಿನ ಫೋಟೋ ತೋರಿಸಿ." ತಡವರಿಸಿದರೆ, ಕೈಮುಗಿದು ಎದ್ದು ಬನ್ನಿ.