ಪ್ರೊಜೆಕ್ಟರ್ ಚಿತ್ರ ಮಸುಕಾದರೆ ಲ್ಯಾಂಪ್ ಹೋಯಿತೆಂದೇ ಅರ್ಥವೇ?

ಪ್ರೊಜೆಕ್ಟರ್ ಚಿತ್ರ ಮಸುಕಾದ ಕೂಡಲೇ ಕೇಳಿಬರುವ ಮಾತು: "ಲ್ಯಾಂಪ್ ಹೋಗಿದೆ, ಹೊಸದು ಹಾಕಿಸಬೇಕು." ಅದಕ್ಕೆ ಸಾವಿರಾರು ರೂಪಾಯಿ ಬೇಕು. ಹಣ ಹೊಂದದಿದ್ದರೆ ಶಾಲೆಯ ಪ್ರೊಜೆಕ್ಟರ್ ಬೀರು ಸೇರುತ್ತದೆ, ಮಕ್ಕಳಿಗೆ ಸ್ಮಾರ್ಟ್ ಕ್ಲಾಸ್ ತಪ್ಪುತ್ತದೆ. ಆದರೆ ಈ ಮಾತು ಯಾವಾಗಲೂ ನಿಜವಲ್ಲ. ಮೊದಲು ಖರ್ಚಿಲ್ಲದ ಕಾರಣಗಳನ್ನು ನೋಡಿ.

ಕೋಣೆಯ ಬೆಳಕು
ಪ್ರೊಜೆಕ್ಟರ್ ಕಪ್ಪು ಬಣ್ಣವನ್ನು ಮೂಡಿಸಲಾರದು. ಪರದೆಯಲ್ಲಿ ಕಪ್ಪಾಗಿ ಕಾಣುವುದು ಬೆಳಕು ಬೀಳದ ಜಾಗ. ಕಿಟಕಿಯ ಬೆಳಕು ಅಲ್ಲಿ ಬಿದ್ದರೆ ಕಪ್ಪು ಬೂದಿಯಾಗಿ, ಇಡೀ ಚಿತ್ರ ಮಂಕಾಗುತ್ತದೆ. ಪರದೆಯ ಹತ್ತಿರದ ಕಿಟಕಿ ಮುಚ್ಚಿ, ಟ್ಯೂಬ್‌ಲೈಟ್ ಆರಿಸಿ.

ಚಿತ್ರದ ಗಾತ್ರ
ಚಿತ್ರದ ಅಗಲ, ಎತ್ತರ ಎರಡೂ ದುಪ್ಪಟ್ಟಾದರೆ ಅದೇ ಬೆಳಕು ನಾಲ್ಕು ಪಟ್ಟು ಜಾಗಕ್ಕೆ ಹಂಚಿಹೋಗುತ್ತದೆ. ಹೊಳಪು ಕಾಲು ಭಾಗಕ್ಕೆ ಇಳಿಯುತ್ತದೆ. ಚಿತ್ರ ಚಿಕ್ಕದು ಮಾಡಿ ನೋಡಿ.

ಧೂಳು
ಶಹಾಪುರ ಹತ್ತಿ, ತೊಗರಿ ಬೆಳೆಯುವ ಎರೆಮಣ್ಣಿನ ಸೀಮೆ. ಬೇಸಿಗೆಯ ಬಿಸಿಲು 40 ಡಿಗ್ರಿ ದಾಟುತ್ತದೆ. ಪ್ರೊಜೆಕ್ಟರ್ ಒಳಗಿನ ಫ್ಯಾನ್ ಗಾಳಿಯ ಜೊತೆ ಧೂಳನ್ನೂ ಎಳೆಯುತ್ತದೆ. ಫಿಲ್ಟರ್ ಕಟ್ಟಿಕೊಂಡರೆ ಯಂತ್ರ ಬಿಸಿಯಾಗಿ ತಾನಾಗಿಯೇ ಆಫ್ ಆಗಬಹುದು, ಲ್ಯಾಂಪಿನ ಆಯುಷ್ಯವೂ ಕಡಿಮೆಯಾಗುತ್ತದೆ. ಫಿಲ್ಟರ್ ಇರುವ ಮಾದರಿಯಾದರೆ ಪ್ಲಗ್ ತೆಗೆದು, ಆರಿದ ಮೇಲೆ, ಮೆತ್ತನೆಯ ಬ್ರಷ್‌ನಿಂದ ಧೂಳು ತೆಗೆಯಿರಿ. ಲೆನ್ಸ್‌ಗೆ ಕನ್ನಡಕ ಒರೆಸುವ ಬಟ್ಟೆ ಸಾಕು. ಟೂತ್‌ಪೇಸ್ಟ್ ಬೇಡವೇ ಬೇಡ. ಅದು ಲೆನ್ಸ್ ಮೇಲಿನ ಲೇಪನವನ್ನು ಗೀರುತ್ತದೆ.

ಅಕ್ಷರ ಮಬ್ಬಾಗಿದ್ದರೆ
ಮೊದಲು ಫೋಕಸ್ ಸರಿಪಡಿಸಿ. ಓರೆಯಾಗಿಟ್ಟು ಕೀಸ್ಟೋನ್ ಗುಂಡಿಯಿಂದ ಚಿತ್ರ ನೇರ ಮಾಡಿದರೂ ಸ್ಪಷ್ಟತೆ ಕುಗ್ಗುತ್ತದೆ. ಯಂತ್ರವನ್ನೇ ಪರದೆಗೆ ನೇರವಾಗಿಡಿ. ಲ್ಯಾಪ್‌ಟಾಪ್ ರೆಸಲ್ಯೂಷನ್ ಪ್ರೊಜೆಕ್ಟರಿನದಕ್ಕೆ ಹೊಂದಬೇಕು. ಚಿತ್ರವೆಲ್ಲ ಹಳದಿ ಅಥವಾ ನೀಲಿಯಾಗಿದ್ದರೆ ಕೇಬಲ್ ಸಡಿಲವಾಗಿರಬಹುದು. ವಿಜಿಎ ಕೇಬಲ್‌ನಲ್ಲಿ ಕೆಂಪು, ಹಸಿರು, ನೀಲಿಗೆ ಬೇರೆ ಬೇರೆ ತಂತಿ ಇರುತ್ತವೆ. ಒಂದು ತಪ್ಪಿದರೆ ಬಣ್ಣ ಕೆಡುತ್ತದೆ.

ಹಾಗಾದರೆ ಲ್ಯಾಂಪ್ ಹೋಗುವುದು ಯಾವಾಗ?
ಸಾಮಾನ್ಯ ಲ್ಯಾಂಪ್ ಸುಮಾರು 3,000ರಿಂದ 5,000 ಗಂಟೆ ಬಾಳುತ್ತದೆ. ಹಳತಾದಂತೆ ಬೆಳಕು ನಿಧಾನವಾಗಿ ಕುಗ್ಗುತ್ತದೆ. ಎಷ್ಟು ಗಂಟೆ ಉರಿದಿದೆ ಎಂಬುದು ಹೆಚ್ಚಿನ ಯಂತ್ರಗಳ ಮೆನುವಿನಲ್ಲೇ ಸಿಗುತ್ತದೆ. ಆ ಸಂಖ್ಯೆ ನೋಡದೆ ಲ್ಯಾಂಪ್ ಕೊಳ್ಳಬೇಡಿ. ಇಂಥ ಲ್ಯಾಂಪಿನಲ್ಲಿ ಪಾದರಸ ಇರುತ್ತದೆ. ಒಡೆದರೆ ಕೋಣೆಯಿಂದ ಎಲ್ಲರನ್ನೂ ಹೊರಗೆ ಕಳಿಸಿ, ಕಿಟಕಿ ತೆರೆಯಿರಿ. ಉರಿಯುವ ಲೆನ್ಸ್ ಒಳಗೆ ಮಕ್ಕಳು ಇಣುಕದಂತೆ ನೋಡಿಕೊಳ್ಳಿ.

ಹೊಸದು ಕೊಳ್ಳುವುದಾದರೆ
ಜಾಹೀರಾತಿನ ದೊಡ್ಡ ಲ್ಯೂಮೆನ್ಸ್ ಸಂಖ್ಯೆಗೆ ಮರುಳಾಗಬೇಡಿ. ಎಎನ್‌ಎಸ್‌ಐ ಅಥವಾ ಐಎಸ್‌ಒ ಲ್ಯೂಮೆನ್ಸ್ ಎಷ್ಟು ಎಂದು ಕೇಳಿ. "4ಕೆ ಸಪೋರ್ಟ್" ಎಂದರೆ 4ಕೆ ವಿಡಿಯೊ ಸ್ವೀಕರಿಸುತ್ತದೆ ಎಂದಷ್ಟೇ ಅರ್ಥ, ತೋರಿಸುವುದು ಅದಕ್ಕಿಂತ ಕಡಿಮೆ ಇರಬಹುದು. ನೇಟಿವ್ ರೆಸಲ್ಯೂಷನ್ ಎಷ್ಟೆಂದು ನೋಡಿ.

ಒಟ್ಟಿನಲ್ಲಿ: ಮಸುಕಾದ ಚಿತ್ರಕ್ಕೆ ಲ್ಯಾಂಪ್ ಒಂದು ಕಾರಣ ಮಾತ್ರ. ಕಿಟಕಿ, ಗಾತ್ರ, ಧೂಳು, ಫೋಕಸ್, ಕೇಬಲ್ ಇಷ್ಟನ್ನೂ ನೋಡಿದ ಮೇಲೆಯೇ ರಿಪೇರಿಯವರಿಗೆ ಫೋನ್ ಮಾಡಿ.